ಒಂಟಿ ಫೋಟಾನ್ ಎಣಿಸುವ ನ್ಯಾನೊತಂತಿ: ಕೊಡಗಿನ ವಿಜ್ಞಾನಾಸಕ್ತರ ಗುಂಪಿನ ಪ್ರಶ್ನೋತ್ತರ

ಉಪನ್ಯಾಸಕ, ಮಡಿಕೇರಿ: ನಮಸ್ಕಾರ ಮೇಡಂ. ಬಿ.ಎಸ್ಸಿ. ಮಕ್ಕಳಿಗೆ ಹೇಳಬೇಕು, ಬೆಳಕಿನ ಕಣವಾದ ಫೋಟಾನನ್ನು ಎಣಿಸುವ ಈ ತಂತಿ ಕೆಲಸ ಮಾಡುವುದು ಹೇಗೆ?

ತಜ್ಞೆ: ನಮಸ್ಕಾರ ಸರ್. ನಯೋಬಿಯಂ ನೈಟ್ರೈಡ್‌ನ ಪಟ್ಟಿ. ಸುಮಾರು 5 ನ್ಯಾನೊಮೀಟರ್ ದಪ್ಪ, 100 ನ್ಯಾನೊಮೀಟರ್ ಅಗಲ. ಹಾವಿನ ಹಾಗೆ ಮಡಚಿ 15 ಮೈಕ್ರೊಮೀಟರ್ ಜಾಗದಲ್ಲಿ ತುಂಬಿರುತ್ತಾರೆ. 2.5 ಕೆಲ್ವಿನ್‌ಗೆ ತಣಿಸಿ, ಅದು ತಾಳುವ ಮಿತಿಯ ಹತ್ತಿರದವರೆಗೆ ಕರೆಂಟ್ ಹರಿಸುವುದು. ಒಂದು ಫೋಟಾನ್ ಬಿದ್ದ ಕಡೆ ಅತಿವಾಹಕತೆ (ರೋಧವೇ ಇಲ್ಲದೆ ಕರೆಂಟ್ ಹರಿಯುವ ಗುಣ) ಹೋಗಿ ಕಿಲೋಓಮ್‌ಗಟ್ಟಲೆ ರೋಧ ಏಳುತ್ತದೆ, ಕರೆಂಟ್ 50 ಓಮ್ ಆಂಪ್ಲಿಫೈಯರ್ ಕಡೆ ತಿರುಗುತ್ತದೆ. ಅದೇ ಪಲ್ಸ್. ಮೊದಲು ತೋರಿಸಿದ್ದು 2001ರಲ್ಲಿ.

ಕಾಫಿ ಬೆಳೆಗಾರ, ಸಿದ್ದಾಪುರ: ರಾತ್ರಿ ತೋಟಕ್ಕೆ ಆನೆ ನುಗ್ಗೋದು ಇದ್ರಲ್ಲಿ ಕಾಣ್ತದಾ? ಬೆಲೆ ಎಷ್ಟು?

ತಜ್ಞೆ: ಕಾಣಲ್ಲ. ಥರ್ಮಲ್ ಕ್ಯಾಮೆರಾ ಹಾಕಿಸಿ.

ಸಂಶೋಧನಾ ವಿದ್ಯಾರ್ಥಿ, ಪೊನ್ನಂಪೇಟೆ: ಮೇಡಂ, ಲ್ಯಾಬ್ ಬೆಂಗಳೂರಲ್ಲಿದೆ, ರಿಮೋಟ್‌ನಲ್ಲಿ ನೋಡುತ್ತಿದ್ದೇನೆ. 2.4 ಕೆಲ್ವಿನ್, ಸ್ವಿಚಿಂಗ್ ಕರೆಂಟ್ (ತಂತಿ ತಾಳುವ ಮಿತಿ) 16 ಮೈಕ್ರೊಆಂಪ್, ಬಯಾಸ್ (ನಾವು ಹರಿಸುವ ಕರೆಂಟ್) 15, ಇಂಡಕ್ಟೆನ್ಸ್ (ಕರೆಂಟ್ ಥಟ್ಟನೆ ಬದಲಾಗದಂತೆ ತಡೆಯುವ ಗುಣ) 500 ನ್ಯಾನೊಹೆನ್ರಿ. ಬೆಳಕು ಕಡಿಮೆ ಇದ್ದಾಗ ಸರಿ. ಸೆಕೆಂಡಿಗೆ 20 ಲಕ್ಷ ದಾಟಿದರೆ ಎಣಿಕೆ ಒಮ್ಮೆಲೇ ಸೊನ್ನೆ. ಬಯಾಸ್ ಸೊನ್ನೆಗಿಳಿಸಿ ಏರಿಸಿದರೆ ಮತ್ತೆ ಜೀವ ಬರುತ್ತದೆ. ವೇಗ ಹೆಚ್ಚುತ್ತದೆಂದು ಇಲ್ಲೇ ಬಂದ ಫಾರ್ವರ್ಡ್ ನೋಡಿ ತಂತಿಗೆ ಸರಣಿಯಲ್ಲಿ 100 ಓಮ್ ಸೇರಿಸಿದ್ದೆವು.

ಸದಸ್ಯ, ಗೋಣಿಕೊಪ್ಪ: *ಫಾರ್ವರ್ಡ್* ಡಾರ್ಕ್ ಕೌಂಟ್ (ಬೆಳಕು ಹಾಕದಿದ್ದರೂ ಬರುವ ಎಣಿಕೆ) ಜಾಸ್ತಿಯೇ? ಬಯಾಸ್ ಅರ್ಧಕ್ಕಿಳಿಸಿ! ದ್ರವ ಸಾರಜನಕ ಸಾಕು, ಹೀಲಿಯಂ ದಂಡ!

ತಜ್ಞೆ: ಅರ್ಧಕ್ಕಿಳಿಸಿದರೆ ಡಾರ್ಕ್ ಕೌಂಟ್ ಜೊತೆ ಫೋಟಾನ್ ಎಣಿಕೆಯೂ ಬೀಳುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಾರಜನಕ 77 ಕೆಲ್ವಿನ್, ಈ ತಂತಿ 10ರ ಆಚೆ ಅತಿವಾಹಕವೇ ಅಲ್ಲ.

ಪೊನ್ನಂಪೇಟೆಯವರೇ, ನಿಮ್ಮದು ಲ್ಯಾಚ್, ಅಂದರೆ ತಂತಿ ಅತಿವಾಹಕತೆಗೆ ಮರಳದೆ ರೋಧದಲ್ಲೇ ಸಿಕ್ಕಿಕೊಳ್ಳುವುದು. ತಂತಿಗೆ ಕರೆಂಟ್ ಮರಳುವ ಕಾಲ ಇಂಡಕ್ಟೆನ್ಸ್ ಭಾಗಿಸು ರೋಧ: 500ನ್ನು 50ರಿಂದ ಭಾಗಿಸಿದರೆ 10 ನ್ಯಾನೊಸೆಕೆಂಡ್. ನೀವು ಒಟ್ಟು 150 ಓಮ್ ಮಾಡಿ 3.3ಕ್ಕೆ ತಂದಿದ್ದೀರಿ. ಫೋಟಾನ್ ಬಿದ್ದ ಕಡೆಯ ಬಿಸಿ ಚುಕ್ಕೆ ಆರುವ ಮೊದಲೇ ಕರೆಂಟ್ ವಾಪಸ್ಸು. ಚುಕ್ಕೆ ತನ್ನ ಬಿಸಿಯಲ್ಲಿ ತಾನೇ ಉರಿಯುತ್ತಾ ಕೂರುತ್ತದೆ. ಬೆಳಕು ಹೆಚ್ಚಿದಾಗ ಮಾತ್ರ ಏಕೆ? ನಿಮ್ಮ ಆಂಪ್ಲಿಫೈಯರ್ ಎಸಿ ಕಪಲ್ (ಕೆಪಾಸಿಟರ್ ಮೂಲಕ ಜೋಡಿಸಿದ್ದು) ಇರಬೇಕು. ಪಲ್ಸ್ ಒತ್ತೊತ್ತಾಗಿ ಬಂದರೆ ಅದರ ಕೆಪಾಸಿಟರ್‌ನಲ್ಲಿ ಚಾರ್ಜ್ ಕೂಡಿ, ತಂತಿಗೆ ಹೆಚ್ಚುವರಿ ಕರೆಂಟ್ ಆಗಿ ಮರಳುತ್ತದೆ. 16ರಲ್ಲಿ 15 ಆಗಲೇ ಅಂಚು.

ಖಾತ್ರಿಗೆ ಬಯಾಸ್ ಟೀಯ (ಬಯಾಸ್ ಮತ್ತು ಪಲ್ಸ್‌ನ ದಾರಿ ಬೇರ್ಪಡಿಸುವ ಭಾಗ) ಡಿಸಿ ಕಡೆ ವೋಲ್ಟೇಜ್ ನೋಡಿ. ಆ 100 ಓಮ್‌ನ ಲೆಕ್ಕದಲ್ಲಿ 1.5 ಮಿಲಿವೋಲ್ಟ್ ಆಸುಪಾಸು ಇದ್ದರೆ ತಂತಿ ಸರಿ, ತೊಂದರೆ ಬೇರೆಡೆ. ಅದಕ್ಕಿಂತ ಎಷ್ಟೋ ಪಟ್ಟು ಮೇಲೆ ಹಾರಿ ಅಲ್ಲೇ ನಿಂತಿದ್ದರೆ ಲ್ಯಾಚ್. ಸದ್ಯಕ್ಕೆ ಬಯಾಸ್ 13ಕ್ಕೆ ತನ್ನಿ. ಬಯಾಸ್ ಬದಲಿಸಿದಂತೆ ದಕ್ಷತೆ (ಬಿದ್ದ ಫೋಟಾನ್‌ಗಳಲ್ಲಿ ಎಣಿಕೆಗೆ ಸಿಗುವ ಪಾಲು) ತೋರಿಸುವ ಗೆರೆ ಅಲ್ಲಿ ಸಮತಟ್ಟಾಗಿದ್ದರೆ ನಷ್ಟವೇನಿಲ್ಲ. ಆಮೇಲೆ 100 ಓಮ್ ತೆಗೆದು, ಡಿಸಿ ಕಪಲ್ (ನಡುವೆ ಕೆಪಾಸಿಟರ್ ಇಲ್ಲದ) ಆಂಪ್ಲಿಫೈಯರ್ ಹಾಕಿ.

ಉಪನ್ಯಾಸಕಿ, ಸೋಮವಾರಪೇಟೆ: ನಮ್ಮಲ್ಲಿ ಫೈಬರ್ ಅಲುಗಿದರೆ ಎಣಿಕೆ ಏರುಪೇರು. ಧ್ರುವೀಕರಣದ್ದೇ?

ಗೋಣಿಕೊಪ್ಪ: 77 ಆಗಲ್ಲ ಅನ್ನಬೇಡಿ ಮೇಡಂ. ಬಿಸ್ಮತ್ ಕ್ಯುಪ್ರೇಟ್ ಎಂಬ ಬೇರೆ ಅತಿವಾಹಕದಲ್ಲಿ ಮಾಡಿದ್ದಾರೆ, 2023ರಲ್ಲಿ.

ಮಡಿಕೇರಿ: ಅದು 25 ಕೆಲ್ವಿನ್‌ವರೆಗೆ. 77 ಎಲ್ಲಿ, 25 ಎಲ್ಲಿ?

ಗೋಣಿಕೊಪ್ಪ: ಇವತ್ತು 25, ನಾಳೆ 77. ದಕ್ಷತೆ 100% ಅಂತಲೂ ಓದಿದೆ.

ಮಡಿಕೇರಿ: 2020ರಲ್ಲಿ 1550 ನ್ಯಾನೊಮೀಟರ್‌ಗೆ 98%. ಓದಿದ್ದನ್ನು ಪೂರ್ತಿ ಓದಿ.

ಗೋಣಿಕೊಪ್ಪ: ಇದು ನಿಮ್ಮ ಕ್ಲಾಸ್‌ರೂಮ್ ಅಲ್ಲ.

ಸದಸ್ಯೆ, ವಿರಾಜಪೇಟೆ: ದ್ರವ ಸಾರಜನಕ ಸಾಕಾಗುತ್ತದಾ ಮೇಡಂ?

ತಜ್ಞೆ: ಮೇಲೆ ಓದಿ.

ವಿರಾಜಪೇಟೆ: ಓದಿದೆ. ಸರಿ, ಬೆಳಕು ಪೂರ್ತಿ ಆರಿಸಿದರೂ ಡಾರ್ಕ್ ಕೌಂಟ್ 800?

ತಜ್ಞೆ: ಕ್ರಯೋಸ್ಟಾಟ್‌ನ (ತಂತಿಯನ್ನು ತಣ್ಣಗಿಡುವ ಪೆಟ್ಟಿಗೆ) ಹೊರಗಿನ ಫೈಬರ್ ಕಳಚಿ ಮುಚ್ಚಳ ಹಾಕಿ. ಇಳಿದರೆ ಹೊರಗಿನ ಬೆಳಕು. ಇಳಿಯದಿದ್ದರೆ ಕೋಣೆಯ ಶಾಖದ ಅವಕೆಂಪು ಫೈಬರ್ ಹಿಡಿದು ಒಳಗೆ ಬರುತ್ತಿರಬಹುದು. 40 ಕೆಲ್ವಿನ್ ಹಂತದಲ್ಲಿ ಫೈಬರನ್ನು ಸಣ್ಣ ಸುತ್ತು ಸುತ್ತಿ, 30 ಮಿಲಿಮೀಟರ್ ವ್ಯಾಸ. ಉದ್ದ ತರಂಗಗಳು ಬಾಗಿನಲ್ಲೇ ಸೋರಿಹೋಗುತ್ತವೆ.

ಪೊನ್ನಂಪೇಟೆ: ಮೇಡಂ, 420 ಮಿಲಿವೋಲ್ಟ್ ಬಂತು. ಆ 100 ಓಮ್ ರೆಸಿಸ್ಟರ್ ಕ್ರಯೋಸ್ಟಾಟ್ ಒಳಗಿನ ಕೋಲ್ಡ್ ಪ್ಲೇಟ್ ಮೇಲಿದೆ. ಇವತ್ತೇ ಬಿಚ್ಚಿಸಲಾ? ತಂತಿಗೆ ಮಲ್ಟಿಮೀಟರ್ ಹಿಡಿಸಿ ನೋಡಲಾ?

ತಜ್ಞೆ: ಎರಡೂ ಬೇಡ. ಓಮ್ ರೇಂಜ್‌ನಲ್ಲಿ ಮೀಟರೇ ಕರೆಂಟ್ ಕೊಡುತ್ತದೆ, ಕೆಲವು ಮಿಲಿಆಂಪ್‌ವರೆಗೂ; ನಿಮ್ಮ ಮಿತಿ 16 ಮೈಕ್ರೊ. ತಣ್ಣಗಿರುವಾಗ ಗಾಳಿ ಬಿಟ್ಟರೆ ಮಳೆಗಾಲದ ತೇವವೆಲ್ಲ ಚಿಪ್ ಮೇಲೆ ಕೂರುತ್ತದೆ. ಬಯಾಸ್ ಸೊನ್ನೆ ಮಾಡಿ, ಕಂಪ್ರೆಸರ್ ನಿಲ್ಲಿಸಿ, ಒಳಗಿನ ಥರ್ಮಾಮೀಟರ್ ಕೋಣೆಯ ಬಿಸಿಗೆ ಬರುವತನಕ ನಿರ್ವಾತ ಹಾಗೇ ಇರಲಿ. ಆಮೇಲೆ ಒಣ ಸಾರಜನಕ ತುಂಬಿ ಬಿಚ್ಚಿ. ಕೈಗೆ ಅರ್ಥಿಂಗ್ ಪಟ್ಟಿ ಕಡ್ಡಾಯ.

ಗೋಣಿಕೊಪ್ಪ: ಹೇರ್ ಡ್ರೈಯರ್ ಹಿಡಿದರೆ ಬೇಗ ಬಿಸಿಯಾಗ್ತದೆ, ಒಂದು ಫಾರ್ವರ್ಡ್...

ತಜ್ಞೆ: ಆ 100 ಓಮ್ ಒಳಗೆ ಹೋಗಿದ್ದೂ ನಿಮ್ಮ ಫಾರ್ವರ್ಡ್‌ನಿಂದಲೇ. ಸಾಕು ಮಾಡಿ.

ಸಿದ್ದಾಪುರ: ಬೆಲೆ ಹೇಳಲೇ ಇಲ್ಲ ಯಾರೂ.