ದರ್ಶಿನಿ ಅಡುಗೆಮನೆಗೆ ಕಲಸುವ ಪಾತ್ರೆ: ಯಾವ ಅಳತೆ, ಯಾವ ಸ್ಟೀಲು?

ಹೊಸ ಒಲೆ (ಕೇಳಿದವರು)
ತುಮಕೂರಿನಲ್ಲಿ ಚಿಕ್ಕ ದರ್ಶಿನಿ ಶುರು ಮಾಡುತ್ತಿದ್ದೇವೆ. ದಿನಕ್ಕೆ ಅಂದಾಜು 300 ಇಡ್ಲಿ, 150 ದೋಸೆ, ಬೆಳಿಗ್ಗೆ 5 ಕೆಜಿ ಅಕ್ಕಿಯ ಚಿತ್ರಾನ್ನ ಇಲ್ಲವೇ ಪುಳಿಯೋಗರೆ, ಸಂಜೆ ಬಜ್ಜಿ, ವಡೆ. ಒಲೆ, ಗ್ರೈಂಡರ್ ಎಲ್ಲ ಬಂದಾಯಿತು. ಕಲಸುವ ಪಾತ್ರೆ ವಿಷಯದಲ್ಲೇ ಗೊಂದಲ. ನೋಡೋಕೆ ಒಂದೇ ಥರ ಇರುವ ಬೇಸಿನ್‌ಗೆ ಅಂಗಡಿಯಲ್ಲಿ ಕೆಜಿಗೆ ಮೂರು ದರ ಹೇಳುತ್ತಾರೆ. ಮನೆಯಲ್ಲಿ ಹಳೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳೂ ಇವೆ, ಅವು ನಡೆಯುತ್ತವಾ? ಅನುಭವ ಇದ್ದವರು ಹೇಳಿ.

ಸೌಟು ಸಟ್ಟುಗ
ಮೇಡಂ, ಅಂಗಡಿಗೆ ಹೋಗುವ ಮೊದಲು ಲೀಟರ್ ಲೆಕ್ಕ ಹಾಕಿಕೊಳ್ಳಿ. ಇಡ್ಲಿಗೆ 60 ಗ್ರಾಂ ಹಿಟ್ಟು ಅಂದರೆ 300ಕ್ಕೆ 18 ಕೆಜಿ. ದೋಸೆಗೆ 100 ಗ್ರಾಂ ಹಿಡಿದರೆ 15 ಕೆಜಿ. ರುಬ್ಬಿದ ಹಿಟ್ಟು ಹೆಚ್ಚೂಕಡಿಮೆ ಕೆಜಿಗೊಂದು ಲೀಟರ್. ಬೆಳಗಾಗುವಷ್ಟರಲ್ಲಿ ಒಂದೂವರೆಯಿಂದ ಎರಡು ಪಟ್ಟು ಉಬ್ಬುತ್ತದೆ, ಸೆಕೆಗಾಲದಲ್ಲಿ ಎರಡು ಪಟ್ಟು ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಹಿಟ್ಟು ಹುದುಗುವ ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು.

ಇಡ್ಲಿಗೆ 40 ಲೀಟರಿನ ಒಂದೇ ಪಾತ್ರೆ ಬೇಡ, 20ರಿಂದ 25 ಲೀಟರಿನ ಎರಡು ತಗೊಳ್ಳಿ. 18 ಕೆಜಿ ಹಿಟ್ಟು, ಮೇಲೆ ಪಾತ್ರೆಯ ಭಾರ, ಒಬ್ಬರು ಎತ್ತಿ ಕಟ್ಟೆ ಮೇಲಿಡುವುದು ಸೊಂಟಕ್ಕೆ ಕೇಡು. ಇನ್ನೊಂದು ಕಾರಣವೂ ಇದೆ. ಎರಡಿದ್ದರೆ ಒಂದನ್ನು ಹೊರಗೆ ಇಟ್ಟು, ಹತ್ತು ಗಂಟೆಯ ಮೇಲೆ ಬೇಕಾಗುವ ಇನ್ನೊಂದನ್ನು ಫ್ರಿಜ್‌ಗೆ ಸೇರಿಸಬಹುದು, ಹುಳಿ ಮೀರುವುದಿಲ್ಲ. ಇದಕ್ಕೆ ಬೇಸಿನ್ ಬೇಡ, ನೇರ ಗೋಡೆಯ ಟೋಪು ಮತ್ತು ಮುಚ್ಚಳ ಸಾಕು.

ಬಜ್ಜಿಗೆ ಬೇರೆ ಲೆಕ್ಕ. 2 ಕೆಜಿ ಕಡಲೆ ಹಿಟ್ಟು ಕಲಸಿದರೆ ಮೂರು, ಮೂರೂವರೆ ಲೀಟರ್ ಆಗುತ್ತದೆ. ಪಾತ್ರೆ ಮಾತ್ರ 10 ಲೀಟರ್ ಇರಲಿ. ಮೂರನೇ ಒಂದು ಭಾಗ ತುಂಬಿದ್ದರೆ ಕೈಯಾಡಿಸಲು ಜಾಗ ಸಿಗುತ್ತದೆ, ಚೆಲ್ಲುವುದಿಲ್ಲ. 40 ಸೆಂ.ಮೀ. ಅಗಲ, 14 ಸೆಂ.ಮೀ. ಆಳದ ಗುಂಡು ಬೇಸಿನ್‌ಗೆ ಬಾಯಿಮಟ್ಟ 10 ಲೀಟರ್ ಹಿಡಿಯುತ್ತದೆ. 50 ಅಗಲ, 18 ಆಳಕ್ಕೆ 20 ಲೀಟರ್. ಅಂಗಡಿಯವರು ಹೇಳುವ ನಂಬರ್ ನಂಬಬೇಡಿ, ಟೇಪ್ ಒಯ್ಯಿರಿ.

ಗೇಜ್ ನೋಡಿ
ಮೂರು ದರದ ಗುಟ್ಟು ಸ್ಟೀಲಿನ ಜಾತಿಯಲ್ಲಿದೆ. 304, 202, 430 ಅನ್ನುವುದು ಆ ಜಾತಿಗಳ ನಂಬರ್. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದಕ್ಕೇ ಅಗ್ಗ. 430ರಲ್ಲಿ ನಿಕ್ಕಲ್ ಇಲ್ಲವೆಂದೇ ಹೇಳಬಹುದು.

ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ. ಗಟ್ಟಿಯಾಗಿ ಅಂಟಿದರೆ 430 ಅಂತ ಗೊತ್ತಾಗುತ್ತದೆ. ಆದರೆ 202ಕ್ಕೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಒತ್ತಿ ಎಳೆದ ಅಂಚಿನಲ್ಲಿ 304 ಕೂಡ ಸ್ವಲ್ಪ ಹಿಡಿಯುತ್ತದೆ. 202 ಮತ್ತು 304 ಬೇರೆ ಮಾಡಬೇಕಾದರೆ ಸ್ಟೀಲ್ ಪರೀಕ್ಷೆಯ ದ್ರಾವಣ ಒಂದು ಹನಿ ಬಿಟ್ಟು ಚಿಕ್ಕ ಬ್ಯಾಟರಿ ತಾಗಿಸುವ ಟೆಸ್ಟ್ ಇದೆ. 202 ಆದರೆ ಹನಿ ಕೆಂಪಾಗುತ್ತದೆ. ಮಾಡಲು ಅಂಗಡಿಯವರು ಒಪ್ಪದಿದ್ದರೆ ಅದೇ ಉತ್ತರ. ಪಾತ್ರೆ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ, ಸ್ಟೀಲ್ ಪಾತ್ರೆಯ ಮಾನಕದ ನಂಬರ್ ಐಎಸ್ 14756.

ಎಲ್ಲವೂ 304 ಆಗಲೇಬೇಕೆಂದಿಲ್ಲ. ಉಪ್ಪು, ಹುಣಸೆ, ಮೊಸರು, ಹುಳಿ ಹಿಟ್ಟು ರಾತ್ರಿಯಿಡೀ ನಿಲ್ಲುವ ಪಾತ್ರೆಗೆ 304ನ್ನೇ ಕೊಳ್ಳಿ. ಒಣ ರವೆ, ಹೆಚ್ಚಿದ ತರಕಾರಿ, ಹತ್ತು ನಿಮಿಷ ಕಲಸಿ ಖಾಲಿ ಮಾಡುವ ಕೆಲಸಕ್ಕೆ 202 ಸಾಕು.

ದಪ್ಪಕ್ಕೆ ಗೇಜ್ ನಂಬರ್ ಏರಿದಷ್ಟೂ ತಗಡು ತೆಳ್ಳಗೆ. 22 ಗೇಜ್ ಅಂದರೆ 0.7 ಮಿ.ಮೀ., 20 ಅಂದರೆ 0.9, 18 ಅಂದರೆ 1.2. ಹತ್ತು ಲೀಟರಿಗೆ 20, ಇಪ್ಪತ್ತು ಲೀಟರಿನ ಮೇಲೆ 18 ಗೇಜ್. ಮೇಲೆ ಹೇಳಿದ 50 ಸೆಂ.ಮೀ. ಬೇಸಿನ್ 20 ಗೇಜ್ ಆದರೆ ಸುಮಾರು 2.1 ಕೆಜಿ ತೂಗಬೇಕು, 22 ಆದರೆ 1.7. ಹೇಗೂ ತೂಕ ಹಾಕಿಯೇ ಮಾರುತ್ತಾರೆ, ತಕ್ಕಡಿಯಲ್ಲೇ ಸುಳ್ಳು ಸಿಕ್ಕಿಬೀಳುತ್ತದೆ.

ಹುಬ್ಬಳ್ಳಿ ಖಾನಾವಳಿ
ಚಿತ್ರಾನ್ನಕ್ಕ ಬೇಸಿನ್ ತಗೋಬ್ಯಾಡ್ರಿ. ಪರಾತ ತಗೋರಿ. 5 ಕೆಜಿ ಅಕ್ಕಿ ಅನ್ನ ಆದ ಮ್ಯಾಲೆ 13ರಿಂದ 15 ಕೆಜಿ ಆಗ್ತದ. ಆಳದ ಪಾತ್ರೆಗೆ ಹಾಕಿದ್ರ ಮ್ಯಾಲಿನ ಭಾರಕ್ಕ ತಳದ ಅನ್ನ ಮುದ್ದಿ ಆಗ್ತದ, ನಡುವಿನ ಬಿಸಿ ತಾಸುಗಟ್ಟಲೆ ಹೋಗೂದಿಲ್ಲ. ಆ ಉಗುರುಬೆಚ್ಚಗಿನ ಅನ್ನದಾಗ ಹೊಟ್ಟಿ ಕೆಡಸೂ ಬ್ಯಾಕ್ಟೀರಿಯಾ ಬೆಳೀತಾವ, ಆಮ್ಯಾಲೆ ಬಿಸಿ ಮಾಡಿದ್ರೂ ಅದರ ವಿಷ ಹೋಗೂದಿಲ್ರಿ. 70 ಸೆಂ.ಮೀ. ಅಗಲ, 8 ಸೆಂ.ಮೀ. ಅಂಚಿನ ಪರಾತದಾಗ ಅಷ್ಟೂ ಅನ್ನ 5 ಸೆಂ.ಮೀ. ದಪ್ಪಕ್ಕ ಹರಡ್ತದ. ಒಗ್ಗರಣಿ ಸುತ್ತ ಹಾಕಿ ಅಂಚಿನಿಂದ ನಡುವಿಗೆ ಮಗುಚ್ರಿ, ಅಗಳು ಮುರಿಯೂದಿಲ್ಲ. ಪೂರಿ ಹಿಟ್ಟಿಗೂ ಅದ ಪರಾತ ಆಗ್ತದ. ಆದ್ರ ಹಿಟ್ಟಿಗೆ ಮೈಭಾರ ಹಾಕಿ ನಾದಬೇಕಲ್ರಿ, ತಳ ಬಾಗದಂಗ 18 ಗೇಜ್ ಇರಲಿ.

ಸೌಟು ಸಟ್ಟುಗ
ಪರಾತದ ಮಾತು ನೂರಕ್ಕೆ ನೂರು ಸರಿ ರೀ. ಆಕಾರದ ಬಗ್ಗೆ ಇನ್ನೊಂದು ಮಾತು: ಟೋಪಿನಲ್ಲಿ ಬಜ್ಜಿ ಹಿಟ್ಟು ಕಲಸಿದರೆ ತಳದ ಮೂಲೆಗೆ ಕೈ ಹೋಗುವುದಿಲ್ಲ, ಒಣ ಹಿಟ್ಟು ಅಲ್ಲೇ ಕೂತು ಗಂಟಾಗುತ್ತದೆ. ಗುಂಡು ತಳಕ್ಕೆ ಆ ತೊಂದರೆ ಇಲ್ಲ, ಆದರೆ ಉರುಳುತ್ತದೆ. ಅಂಗೈ ಅಗಲ ಚಪ್ಪಟೆ ತಳ ಇರುವುದನ್ನು ಆರಿಸಿ. ಪೂರ್ತಿ ಗುಂಡಾಗಿದ್ದರೆ ಸ್ಟೀಲ್ ಸಿಂಬಿ ಮಾಡಿಸಿ. ಬಟ್ಟೆ ಸಿಂಬಿ ಸದಾ ಒದ್ದೆ, ಸದಾ ವಾಸನೆ.

ಕಿವಿ ಹಿಡಿದು ನೋಡಿ
ಅಂಚು ಮತ್ತು ಕಿವಿ, ಇವೆರಡನ್ನು ಯಾರೂ ನೋಡುವುದಿಲ್ಲ. ಬಾಯಿಯ ಅಂಚನ್ನು ಸುರುಳಿ ಮಡಿಸಿರುತ್ತಾರೆ. ಸುರುಳಿಯಲ್ಲಿ ಸಂದು ಬಿಟ್ಟಿದ್ದರೆ ಹಿಟ್ಟಿನ ನೀರು ಒಳಗೆ ಸೇರಿ ಕೊಳೆಯುತ್ತದೆ, ಜಿರಳೆಗೆ ಮನೆ ಕಟ್ಟಿಕೊಟ್ಟ ಹಾಗೆ. ನೀರಲ್ಲಿ ಅದ್ದಿ, ಒರೆಸಿ, ಅಲ್ಲಾಡಿಸಿ. ಅಂಚಿನೊಳಗೆ ನೀರು ಕುಲುಕಿದ ಸದ್ದು ಬಂದರೆ ವಾಪಸ್ ಇಡಿ. ಸಂದಿಲ್ಲದ ಸುರುಳಿ ಸಿಗದಿದ್ದರೆ ಮಡಿಸದೆ ಉಜ್ಜಿ ನಯ ಮಾಡಿದ ದಪ್ಪ ಅಂಚೇ ವಾಸಿ.

ಕಿವಿಗೆ ರಿವೆಟ್ ಹೊಡೆದಿದ್ದರೆ ಒಳಗೋಡೆಯಲ್ಲಿ ತಲೆ ಎದ್ದಿರುತ್ತದೆ, ಅದರ ಸುತ್ತ ಹಿಟ್ಟು ಒಣಗುತ್ತದೆ. ಬೆಸುಗೆ ಹಾಕಿದ್ದು ತೊಳೆಯಲು ಸುಲಭ, ಆದರೆ ನಾಲ್ಕು ಚುಕ್ಕಿ ಬೆಸುಗೆಯ ಕಿವಿ 20 ಕೆಜಿಗೆ ಕಿತ್ತು ಬರುತ್ತದೆ. ಸುತ್ತಲೂ ಬೆಸುಗೆ ಓಡಿದೆಯೇ ನೋಡಿ. ಕಪ್ಪು ಕಲೆ ಉಳಿದಿದ್ದರೆ ಮೊದಲ ತುಕ್ಕು ಅಲ್ಲೇ.

ಗೇಜ್ ನೋಡಿ
ಅಲ್ಯೂಮಿನಿಯಂ ಕೇಳಿದ್ದಿರಿ. ಒಣ ಹಿಟ್ಟು ಜರಡಿ ಹಿಡಿಯಲು, ಅಕ್ಕಿ ತೊಳೆಯಲು ಇರಲಿ. ಹುಳಿ ತಾಗಿಸಬೇಡಿ. ಹುಣಸೆ, ನಿಂಬೆ, ಮೊಸರು, ಹುದುಗಿದ ಹಿಟ್ಟು ಅದನ್ನು ತಿನ್ನುತ್ತವೆ. ಹಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ, ಲೋಹದ ರುಚಿ ಬರುತ್ತದೆ. ಹಿತ್ತಾಳೆಯೂ ಅಷ್ಟೇ, ಕಲಾಯಿ ಹೋದದ್ದಕ್ಕೆ ಹುಳಿ ಹಾಕಲೇಬಾರದು. ಪ್ಲಾಸ್ಟಿಕ್ ಟಬ್‌ಗೆ ನನ್ನ ವಿರೋಧ. ಗೀಚಿದ ಗೆರೆಯಲ್ಲಿ ಹಳೆಯ ಹುಳಿ ಉಳಿದು ಮರುದಿನದ ಹಿಟ್ಟು ಬೇಗ ಹುಳಿಯಾಗುತ್ತದೆ.

ಬೇಕರಿ ಬೆಂಚು
ಪ್ಲಾಸ್ಟಿಕ್ ಪೂರ್ತಿ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ಫುಡ್ ಗ್ರೇಡ್ ಡಬ್ಬಿ ಹಗುರ, ಫ್ರಿಜ್‌ನಲ್ಲಿ ಒಂದರ ಮೇಲೊಂದು ಕೂರುತ್ತದೆ. ಗೆರೆ ಬಿದ್ದೊಡನೆ ಬಿಸಾಡುವ ಮನಸ್ಸಿದ್ದರೆ ಸರಿ. ಗಾಜು, ಪಿಂಗಾಣಿ ಮಾತ್ರ ಕಲಸುವ ಜಾಗಕ್ಕೆ ಬರಲೇಬಾರದು. ಒಂದು ಚೂರು ಸಿಡಿದರೂ ಅಕ್ಕಪಕ್ಕದ ಹಿಟ್ಟನ್ನೆಲ್ಲ ಚೆಲ್ಲಬೇಕು.

ಮುಂದೆ ಪ್ಲಾನೆಟರಿ ಮಿಕ್ಸರ್ (ಬೌಲಿನೊಳಗೆ ಬೀಟರ್ ಸುತ್ತಿ ಹಿಟ್ಟು ಕಲಸುವ ಯಂತ್ರ) ತಗೊಂಡರೆ ಎರಡನೇ ಬೌಲನ್ನು ಯಂತ್ರದ ಜೊತೆಗೇ ಆರ್ಡರ್ ಮಾಡಿ. 20 ಲೀಟರ್ ಅಂತ ಬರೆದ ಮಾತ್ರಕ್ಕೆ ಒಂದು ಕಂಪನಿಯ ಬೌಲ್ ಇನ್ನೊಂದಕ್ಕೆ ಕೂರುವುದಿಲ್ಲ, ಕಿವಿಯ ಅಂತರ, ತಳದ ಗುಂಡು ಬೇರೆ. ಬೀಟರ್ ತಳಕ್ಕೆ ತಾಗಿದರೆ ಸ್ಟೀಲ್ ಪುಡಿ ಹಿಟ್ಟಿಗೆ ಬರುತ್ತದೆ, ಹೆಚ್ಚು ಮೇಲಿದ್ದರೆ ತಳದಲ್ಲಿ ಒಣ ಹಿಟ್ಟು ಉಳಿಯುತ್ತದೆ. ಗಟ್ಟಿ ಹಿಟ್ಟಿಗೆ ಬೌಲಿನ ಲೀಟರ್ ನೋಡಬೇಡಿ, ಯಂತ್ರದ ಪುಸ್ತಕದಲ್ಲಿ ಎಷ್ಟು ಕೆಜಿ ಅಂತಿದೆಯೋ ಅಷ್ಟೇ.

ಹೊಸ ಒಲೆ
ಎಲ್ಲರಿಗೂ ಧನ್ಯವಾದ. ಹೊಸ ಸ್ಟೀಲಿನಲ್ಲೂ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ ಅಂತಾರಲ್ಲ, ಯಾಕೆ?

ಕಿವಿ ಹಿಡಿದು ನೋಡಿ
ಮೂರು ಕಾರಣ ಮೇಡಂ. ಖಾಲಿ ಪಾತ್ರೆಯ ಒದ್ದೆ ತಳಕ್ಕೆ ಕಲ್ಲುಪ್ಪು ಸುರಿದು ಬಿಡುವುದು: ಹರಳು ಕೂತಲ್ಲೇ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, 304ಕ್ಕೂ ಬೀಳುತ್ತದೆ. ಉಪ್ಪನ್ನು ಹಿಟ್ಟಿನ ಮೇಲೆ ಹಾಕಿ ಆಗಲೇ ಕಲಸಿಬಿಡಿ. ಎರಡನೆಯದು ಬ್ಲೀಚ್ ನೀರಲ್ಲಿ ರಾತ್ರಿಯಿಡೀ ನೆನೆಹಾಕುವುದು. ಮೂರನೆಯದು ಕಬ್ಬಿಣದ ನಾರು: ಅದರ ಚೂರು ಅಂಟಿಕೊಂಡು ತುಕ್ಕು ಹಿಡಿಯುತ್ತದೆ, ಬಯ್ಗುಳ ಪಾತ್ರೆಗೆ. ಆ ಕಲೆ ನಿಂಬೆಹುಳಿ ಹಚ್ಚಿ ನೈಲಾನ್ ಸ್ಕ್ರಬ್ಬರಿನಲ್ಲಿ ಉಜ್ಜಿದರೆ ಹೋಗುತ್ತದೆ. ಗುಳಿ ಬಿದ್ದದ್ದು ಹೋಗುವುದಿಲ್ಲ.

ತೊಳೆಯುವಾಗ ಹಿಟ್ಟಿನ ಪಾತ್ರೆಗೆ ಮೊದಲು ತಣ್ಣೀರು. ಬಿಸಿನೀರು ಹುಯ್ದರೆ ಹಿಟ್ಟು ಅಲ್ಲೇ ಬೆಂದು ಅಂಟಾಗುತ್ತದೆ. ಆಮೇಲೆ ಸೋಪು, ಬಿಸಿನೀರು, ಬೋರಲು ಹಾಕಿ ಆರಿಸುವುದು. ಒದ್ದೆ ಬೇಸಿನ್ ಒಂದರೊಳಗೊಂದು ತುರುಕಿದರೆ ಬೆಳಿಗ್ಗೆ ನಾಲ್ಕಕ್ಕೆ ಬಿಡಿಸಲು ಇಬ್ಬರು ಬೇಕಾಗುತ್ತದೆ.