ಪಂಡಿತಾ ರಮಾಬಾಯಿ ನಮ್ಮ ಮಾಳದ ಕಡೆಯವರಂತೆ, ಹೌದಾ?

ಘಟ್ಟದಬುಡ:
ನಮಸ್ಕಾರ ಎಲ್ರಿಗೂ. ನಂದು ಕಾರ್ಕಳ ಹತ್ರ. ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಹೆಂಗಸರ ಹಕ್ಕಿಗೆ ಹೋರಾಡಿದವರು ಒಬ್ಬರ ಬಗ್ಗೆ ಬರೀಬೇಕು. ಕ್ಲಾಸಲ್ಲಿ ಅರ್ಧ ಜನ ಸಾವಿತ್ರಿಬಾಯಿ ಫುಲೆ ಬರೀತಾರೆ, ನಂಗೆ ಬೇರೆಯವರು ಬೇಕು ಅಂತ ಹಠ. ಹುಡುಕ್ತಾ ಕೂತಾಗ ಪಂಡಿತಾ ರಮಾಬಾಯಿ ಸಿಕ್ಕಿದ್ರು, ನೋಡಿದ್ರೆ ಅವರ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಮಾಳದವರು, ಇವರು ಹುಟ್ಟಿದ್ದು 1858ರಲ್ಲಿ ಗಂಗಾಮೂಲದ ಕಾಡಲ್ಲಿ! ಕುದುರೆಮುಖಕ್ಕೆ ಹೋಗುವ ದಾರಿ ಮಾರಾಯ್ರೆ ಅದು, ನಾನು ಎಷ್ಟು ಸಲ ಹೋಗಿದ್ದೇನೋ. ಒಬ್ಬರೂ ಈ ಹೆಸರು ಹೇಳಿದ್ದು ಕೇಳಿಲ್ಲ. ಇವರು ಮಾಡಿದ್ದು ಏನು ಅಂತ ಒಂಬತ್ತನೇ ಕ್ಲಾಸಿನ ಹುಡುಗಿಗೆ ಅರ್ಥ ಆಗುವ ಹಾಗೆ ಯಾರಾದ್ರೂ ಹೇಳ್ತೀರಾ? ಮತ್ತೆ ನಮ್ಮ ಕಡೆ ಇವರ ಸುದ್ದಿಯೇ ಇಲ್ಲ ಯಾಕೆ, ಕ್ರಿಶ್ಚಿಯನ್ ಆದ್ರು ಅಂತಲಾ?

ಹಳೇಪೇಪರ್:
ಹೌದು ಸಾರ್, ಮಾಳದವರೇ. ಅಪ್ಪನಿಂದಾನೇ ಶುರು ಮಾಡ್ಸಿ, ಕಥೆ ಇರೋದೇ ಅಲ್ಲಿ. ಶಾಸ್ತ್ರಿಗಳು ಗೋದಾವರಿಯಲ್ಲಿ ಸ್ನಾನ ಮಾಡ್ತಿದ್ದಾಗ ಯಾರೋ ಯಾತ್ರೆಗೆ ಬಂದವರು ಇವರನ್ನ ನೋಡಿ ಮೆಚ್ಚಿ ಮಾರನೇ ದಿನವೇ ಮಗಳನ್ನ ಕೊಟ್ಟು ಮದುವೆ ಮಾಡಿಬಿಟ್ರು, ಅವರಿಗೆ 44, ಹುಡುಗಿಗೆ 9. ಬಾಲ್ಯವಿವಾಹದ ವಿರುದ್ಧ ಮಾತಾಡಿದ ರಮಾಬಾಯಿಯ ಅಮ್ಮನೇ ಹಾಗೆ ಮದುವೆ ಆದವರು. ಆದ್ರೆ ಈ ಮನುಷ್ಯ ಮನೆಗೆ ಬಂದು ಹೆಂಡತಿಗೆ ಸಂಸ್ಕೃತ ಹೇಳಿಕೊಡೋಕೆ ಕೂತ್ರು. ಊರವರು ಸುಮ್ನಿರ್ತಾರಾ, ಉಡುಪಿಯಲ್ಲಿ ಪಂಡಿತರ ಸಭೆ ಮುಂದೆ ನಿಂತು ಉತ್ತರ ಕೊಡಬೇಕಾಯ್ತು, ಹೆಂಗಸರು ವೇದ ಓದಬಾರದು ಅಷ್ಟೇ, ಉಳಿದದ್ದು ಓದಬಾರದು ಅಂತ ಶಾಸ್ತ್ರದಲ್ಲಿ ಎಲ್ಲೂ ಇಲ್ಲ ಅಂತ ಶ್ಲೋಕ ತೆಗೆದು ತೋರಿಸಿದ್ರು. ಕಾಟ ಬೇಡ ಅಂತ ಕೊನೆಗೆ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡ್ರು.

ಅಮ್ಮ ಲಕ್ಷ್ಮೀಬಾಯಿಗೆ ಹಗಲೆಲ್ಲಾ ಕೆಲಸ. ಅದಕ್ಕೆ ಬೆಳಗಿನ ಜಾವ ನೆಲದ ಮೇಲೆ ಮಲಗಿದ್ದ ಕೂಸನ್ನ ಎತ್ಕೊಂಡು ಮುದ್ದು ಮಾಡಿ ಎಬ್ಬಿಸಿ, ಪುಸ್ತಕ ಇಲ್ಲದೆ ಬರೀ ಬಾಯಲ್ಲೇ ಪಾಠ ಹೇಳಿಸ್ತಿದ್ರಂತೆ, ಹೊರಗೆ ಹಕ್ಕಿ ಕೂಗೋ ಹೊತ್ತಲ್ಲಿ. ರಮಾಬಾಯಿ ಬರೆದ ಪುಸ್ತಕದ ಮುನ್ನುಡಿಯಲ್ಲಿ ಇದೆ ಇದು. ಮಗಳಿಗೆ ಹೇಳಿ, ಇದನ್ನ ಬಿಡ್ಬೇಡ ಅಂತ.

ಸೀಮೆಸುಣ್ಣ:
ಆಮೇಲಿಂದು ನಾನು ಹೇಳ್ತೀನಿ. ಕಾಡು ಬಿಟ್ಟು ಊರೂರಿಗೆ ಪುರಾಣ ಓದ್ಕೊಂಡು ಬದುಕಿದ ಸಂಸಾರ ಅದು, 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋಗಿಬಿಟ್ರು, ಉಳಿದದ್ದು ಈಕೆ ಮತ್ತೆ ಅಣ್ಣ. ಇಬ್ರೂ ಉತ್ತರದವರೆಗೆ ನಡ್ಕೊಂಡೇ ಹೋದ್ರು. ಝೇಲಂ ದಂಡೆಯಲ್ಲಿ ಹೊದೆಯೋಕೆ ಏನೂ ಇಲ್ದೆ, ಗೋರಿ ತರ ಎರಡು ಗುಂಡಿ ತೋಡಿ ತಲೆ ಮಾತ್ರ ಹೊರಗೆ ಬಿಟ್ಟು ಒಣ ಮರಳು ಮುಚ್ಕೊಂಡು ರಾತ್ರಿ ಕಳೆದ್ರಂತೆ. 1878ರಲ್ಲಿ ಕಲ್ಕತ್ತಾಗೆ ಹೋದ್ರೆ ಅಲ್ಲಿನ ಪಂಡಿತರು ಪರೀಕ್ಷೆ ಮಾಡಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ರು. 20 ವರ್ಷದ ಹುಡುಗಿಗೆ! ಬೇರೆ ಜಾತಿಯ ಬಂಗಾಳಿ ವಕೀಲರನ್ನ ಮದುವೆ ಆದ್ರು, ಎರಡು ವರ್ಷ ತುಂಬೋದ್ರೊಳಗೆ ಅವರೂ ತೀರಿಕೊಂಡ್ರು, ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಅಂಥಾ ವಿಧವೆ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ತಾರೆ, ಅದೇ ವರ್ಷ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳ್ತಾರೆ. ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ 99 ಜನ ಹೆಣ್ಣುಮಕ್ಕಳ ಓದಿಗೆ ವಿರೋಧ, ಹೆಂಗಸಲ್ಲಿ ಸಾಸಿವೆಯಷ್ಟು ತಪ್ಪು ಕಂಡ್ರೂ ಬೆಟ್ಟ ಮಾಡ್ತಾರೆ ಅಂದ್ರು. ಹೆಣ್ಣು ಟೀಚರ್‌ಗಳು ಬೇಕು, ಶಾಲೆ ಇನ್‌ಸ್ಪೆಕ್ಟರೂ ಹೆಂಗಸರೇ ಆಗ್ಬೇಕು, ಲೇಡಿ ಡಾಕ್ಟರ್ ಇಲ್ದೆ ಹೆಂಗಸರು ಸಾಯ್ತಿದ್ದಾರೆ ಅಂತಾನೂ ಹೇಳಿದ್ರು. 1889ರಲ್ಲಿ ಬೊಂಬಾಯಲ್ಲಿ ಶಾರದಾ ಸದನ ಅಂತ ವಿಧವೆಯರಿಗೆ ವಸತಿ ಶಾಲೆ. ಅಲ್ಲಿ ಮೊದಲು ಸೇರಿದ ವಿಧವೆ ಗೋದೂಬಾಯಿ, ಆಮೇಲೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಅವರನ್ನ ಮದುವೆ ಆದವರು.

ನೇರಮಾತು:
ಎಲ್ಲಾ ಸರಿ, ಆದ್ರೆ ಒಂದು ಕಡೆ ಮಾತ್ರ ಹೇಳ್ಬೇಡಿ. ಅಷ್ಟೊತ್ತಿಗೆ ಇವರು ಕ್ರಿಶ್ಚಿಯನ್ ಆಗಿದ್ರು, ಆದ್ರೂ ಶಾರದಾ ಸದನದಲ್ಲಿ ಧರ್ಮದ ವಿಷಯಕ್ಕೆ ಕೈ ಹಾಕಲ್ಲ ಅಂತ ಮಾತು ಕೊಟ್ಟಿದ್ರು. ಹುಡುಗಿಯರು ಇವರ ಪ್ರಾರ್ಥನೆಗೆ ಹೋಗಿ ಕೂರೋಕೆ ಶುರು ಮಾಡಿದ ಮೇಲೆ 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಸುಧಾರಕರೇ ಸದನದ ಸಲಹಾ ಮಂಡಳಿ ಬಿಟ್ರು. ತಿಲಕರ ಕೇಸರಿ ಪತ್ರಿಕೆ ಬಯ್ದಿದ್ದು ಬಿಡಿ, ಆದ್ರೆ ರಾನಡೆ ಇವರ ಸ್ನೇಹಿತರು. ನಂಬಿ ಮಕ್ಕಳನ್ನ ಕಳಿಸಿದ ಅಪ್ಪ ಅಮ್ಮಂದಿರಿಗೆ ಸಿಟ್ಟು ಬಂದಿದ್ರಲ್ಲಿ ತಪ್ಪೇನು?

ಸೀಮೆಸುಣ್ಣ:
ಸಿಟ್ಟು ಬಂದಿದ್ದು ತಪ್ಪಲ್ಲ, ಒಪ್ತೀನಿ. ನನ್ನ ಬಾಗಿಲು ತೆಗೆದೇ ಇರುತ್ತೆ, ಯಾರು ಬೇಕಾದ್ರೂ ಬರಬಹುದು ಅನ್ನೋದು ಅವರ ವಾದ, ಆದ್ರೆ 13 ವರ್ಷದ ವಿಧವೆ ಹುಡುಗಿಗೆ ಅನ್ನ ಹಾಕೋ ಅಮ್ಮನ ಬಾಗಿಲು ಬರೀ ಬಾಗಿಲಲ್ಲ ಅಂತ ನಂಗೂ ಅನ್ಸುತ್ತೆ. ಹಾಗಂತ ಮಿಷನ್ನಿನವರು ಹೇಳಿದ ಹಾಗೆ ಕುಣಿದವರೂ ಅಲ್ಲ ಈಕೆ. ಇಂಗ್ಲೆಂಡಲ್ಲಿ ದೀಕ್ಷೆ ತಗೊಂಡ ಮೇಲೂ ಸಸ್ಯಾಹಾರ ಬಿಡ್ಲಿಲ್ಲ, ಶಿಲುಬೆ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತದಲ್ಲಿ ಬರೆಸಿದ್ರೆ ಏನು ಕಷ್ಟ ಅಂತ ಅಲ್ಲಿನ ಸಿಸ್ಟರ್ ಹತ್ರಾನೇ ಜಗಳ. ಅಪ್ಪನ ಮಗಳು.

ಶಹಾಬಾದಕಲ್ಲು:
ನಮ್ಮ ಕಡೀದೂ ಒಂದ್ ಮಾತು ಸೇರಿಸ್ರಿ. ಅವರ ಮಗಳು ಮನೋರಮಾ 1912ರಾಗ ನಮ್ಮ ಗುಲ್ಬರ್ಗಾದಾಗ ಹೈಸ್ಕೂಲ್ ತೆಗೆಸಿದ್ರು, ಆಗ ಇದು ನಿಜಾಮರ ರಾಜ್ಯ. ತಾಯಿ ಹುಟ್ಟಿದ್ದು ಘಟ್ಟದಾಗ, ಮಗಳು ಶಾಲಿ ತೆಗೆದಿದ್ದು ಇಲ್ಲಿ, ನಾವು ಮಾತ್ರ ಅವರನ್ನ ಮಹಾರಾಷ್ಟ್ರದವರು ಅಂದು ಕೈ ತೊಳಕೊಂಡೀವಿ. ಪುಣೆ ರೈಲಿಗೆ ಹೋಗೋ ಮುಂದ ಕೇಡಗಾಂವ್ ಸ್ಟೇಷನ್ ಬರ್ತದ ನೋಡ್ರಿ, ಅಲ್ಲೇ ಅವರ ಮುಕ್ತಿ ಮಿಷನ್. 1896ರ ಬರದಾಗ ತಾವೇ ತಿರುಗಾಡಿ, ಮತ್ತ 1900ರ ಗುಜರಾತ್ ಬರದಾಗೂ ಹುಡುಗ್ಯಾರನ್ನ ಕರಸ್ಕೊಂಡು ಸಾವಿರಕ್ಕೂ ಹೆಚ್ಚು ಮಂದೀನ ಸಾಕಿದ್ರು. ಹೊಲ, ದನ, ಮಗ್ಗ, ಪ್ರಿಂಟಿಂಗ್ ಪ್ರೆಸ್, ಅಚ್ಚಿನ ಮೊಳಿ ಜೋಡಸೋದ್ರಿಂದ ಹಿಡಿದು ಎಲ್ಲಾ ಹೆಣ್ಣಮಕ್ಕಳ ಕೈಯಾಗ. ಇವರು ಹೀಬ್ರೂ ಗ್ರೀಕ್ ಕಲ್ತು ಬೈಬಲ್ ಪೂರ್ತಿ ಮರಾಠಿಗೆ ಮಾಡಿದ್ದು ಅಚ್ಚಾಗಿದ್ದೂ ಅಲ್ಲೇ. ಮನೋರಮಾ 1921ರಾಗ ಹೋದ್ರು, ಮುಂದಿನ ವರ್ಷ ತಾಯೀನೂ ಹೋದ್ರು.

ಘಟ್ಟದಬುಡ:
ಎಲ್ರಿಗೂ ಥ್ಯಾಂಕ್ಸ್. ಮಗಳಿಗೆ ಎಲ್ಲಾ ಓದಿ ಹೇಳಿದೆ. ನೇರಮಾತು ಅವರು ಹೇಳಿದ್ದೂ ಬರೀತಾಳಂತೆ, ಅದು ಬಿಟ್ರೆ ಮಜಾ ಇಲ್ಲ ಅಂತಾಳೆ. ಗುಂಡಿಯಲ್ಲಿ ಮಲಗಿದ ಚಿತ್ರ ಬಿಡಿಸಿ ಆಯ್ತು, ಎರಡು ತಲೆ ಮಾತ್ರ ಕಾಣ್ತದೆ. ಈಗ ಗಂಗಾಮೂಲಕ್ಕೆ ಕರ್ಕೊಂಡು ಹೋಗು ಅಂತ ಶುರು. ಅದು ಈಗ ನ್ಯಾಷನಲ್ ಪಾರ್ಕ್ ಒಳಗೆ ಉಂಟಲ್ಲ, ಹೋಗ್ಲಿಕ್ಕೆ ಫಾರೆಸ್ಟಿನವರ ಪರ್ಮಿಷನ್ ಬೇಕಾ, ಗೊತ್ತಿದ್ದವರು ಹೇಳಿ ಮಾರಾಯ್ರೆ.