ಬ್ರೌನ್ ಟ್ರೌಟ್ ಚರ್ಮದ ಕೆಂಪು ಚುಕ್ಕೆ ಎಲ್ಲಿ ಹೋಯಿತು? ಸಹಾಯ ಬೇಕು

ಸಾಧನಕೇರಿ_ಲೆನ್ಸ್: ಮೂರು ದಿನದಿಂದ ತಲೆ ಕೆಟ್ಟಿದೆ. ಅಣ್ಣ ಕುಲ್ಲೂ ಕಡೆಯಿಂದ ಧಾರವಾಡಕ್ಕೆ ಎರಡು ಟ್ರೌಟ್ ಮೀನು ತಂದಿದ್ದಾನೆ, ಒಂದು ರೇನ್‌ಬೋ, ಒಂದು ಬ್ರೌನ್. ಎರಡರ ಚರ್ಮವನ್ನು ಮೈಕ್ರೋಸ್ಕೋಪಿನಲ್ಲಿ ಹೋಲಿಸಿ ನೋಡಬೇಕು. ಕಪ್ಪು ಚುಕ್ಕೆ ಎರಡರಲ್ಲೂ ಚೆನ್ನಾಗಿದೆ, ಆದರೆ ಬ್ರೌನ್‌ನ ಪಕ್ಕೆಯಲ್ಲಿ ಬಿಳಿ ಉಂಗುರದ ನಡುವೆ ಇದ್ದ ಕೆಂಪು ಚುಕ್ಕೆ ಈಗ ಬರೀ ಮಸುಕು ಕಲೆ. ರೇನ್‌ಬೋದ ಗುಲಾಬಿ ಪಟ್ಟಿಯೂ ಇಲ್ಲ. 40ರ ಲೆನ್ಸ್ ಹಾಕಿದರೂ ಅಷ್ಟೇ.

ಗದಗ_ಬೆಳಕು: ಬೆಳಕಿನ ತಪ್ಪು. ಕಂಡೆನ್ಸರ್ ಡಯಾಫ್ರಂ (ಕೆಳಗಿನಿಂದ ಬೆಳಕು ಬಿಡುವ ಕಿಂಡಿ) ಸ್ವಲ್ಪ ಮುಚ್ಚಿ, ನೀಲಿ ಫಿಲ್ಟರ್ ತೆಗೆಯಿರಿ.

ಸಾಧನಕೇರಿ_ಲೆನ್ಸ್: ಮಾಡಿದೆ. ಏನೂ ಬದಲಾಗಲಿಲ್ಲ.

ಗದಗ_ಬೆಳಕು: ಹಾಗಾದರೆ ಬಲ್ಬೇ. ಹಳದಿ ಬಲ್ಬಿನಲ್ಲಿ ಬಣ್ಣಗಳು ಬೇರೆ ಥರ ಕಾಣುತ್ತವೆ. ನಾನು ಎಲ್‌ಇಡಿ ಹಾಕಿಸಿ, ಮಂದ ಮಾಡುವ ಗುಂಡಿಯನ್ನೂ ಕೂಡಿಸಿದ್ದೇನೆ, ಫೋಟೋ ಹಾಕಲಾ?

ಹಾವೇರಿ_ಟ್ಯಾಂಕ್: ಅದು ಬ್ರೌನ್ ಹೌದಾ? ಬಾಲ ನೋಡಿ. ರೇನ್‌ಬೋ ಬಾಲದ ತುಂಬ ಕಪ್ಪು ಚುಕ್ಕೆ ಸಾಲಾಗಿರುತ್ತದೆ, ಬ್ರೌನ್ ಬಾಲ ಹೆಚ್ಚುಕಡಿಮೆ ಖಾಲಿ. ಎರಡೂ ಸಾಲ್ಮೋ ಕುಲದವೇ, ಮೋಸ ಹೋಗುವುದು ಸುಲಭ.

ಉಣಕಲ್_ದಂಡೆ: ರೇನ್‌ಬೋ ಸಾಲ್ಮೋ ಅಲ್ಲ. 1989ರಲ್ಲೇ ಪೆಸಿಫಿಕ್ ಸಾಲ್ಮನ್‌ಗಳ ಕುಲಕ್ಕೆ ಸೇರಿಸಿದರು, ಈಗ ಆಂಕೊರಿಂಕಸ್ ಮೈಕಿಸ್.

ಹಾವೇರಿ_ಟ್ಯಾಂಕ್: ನನ್ನ ಹಳೇ ಪುಸ್ತಕದಲ್ಲಿ ಸಾಲ್ಮೋ ಗೈರ್ಡ್‌ನೆರಿ ಅಂತಲೇ ಇದೆ. ಹೆಸರು ಬದಲಾದರೆ ಚುಕ್ಕೆ ಬದಲಾಗುತ್ತದಾ?

ಉಣಕಲ್_ದಂಡೆ: ಇಲ್ಲ. ಅದು ಬಿಡಿ. ಮೀನನ್ನು ಯಾವುದರಲ್ಲಿ ಇಟ್ಟಿದ್ದೀರಿ?

ಸಾಧನಕೇರಿ_ಲೆನ್ಸ್: ಸ್ಪಿರಿಟ್‌ನಲ್ಲಿ. ಎರಡು ತಿಂಗಳಾಯಿತು. ಎಲ್ಲರೂ ಹಾಗೇ ಇಡುತ್ತಾರೆ ಅಲ್ವಾ? ಬಾಲ ಖಾಲಿಯೇ ಇದೆ, ಬ್ರೌನೇ.

ಉಣಕಲ್_ದಂಡೆ: ಇದನ್ನು ಮೊದಲೇ ಹೇಳಬೇಕಿತ್ತು. ಕಪ್ಪು ಬಣ್ಣ ಮೆಲನಿನ್, ಸ್ಪಿರಿಟ್‌ಗೆ ಜಗ್ಗುವುದಿಲ್ಲ. ಕೆಂಪು ಕ್ಯಾರೊಟಿನಾಯ್ಡ್ (ಗಜ್ಜರಿಯಲ್ಲಿರುವಂಥ ಬಣ್ಣ), ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ಬಣ್ಣವನ್ನು ಮೀನು ತಾನೇ ಮಾಡಿಕೊಳ್ಳುವುದಿಲ್ಲ, ಸಣ್ಣ ಸಿಗಡಿಯಂಥ ಜೀವಿ ತಿಂದು ಪಡೆದು, ಚರ್ಮದ ಒಳಪದರದ ಕೋಶಗಳಲ್ಲಿ ಕೊಬ್ಬಿನ ಜೊತೆ ಇಟ್ಟುಕೊಳ್ಳುತ್ತದೆ. ಬಾಟಲಿಯ ಸ್ಪಿರಿಟ್ ಹಳದಿಯಾಗಿದೆಯಾ?

ಸಾಧನಕೇರಿ_ಲೆನ್ಸ್: ಹೌದು, ತಿಳಿ ಹಳದಿ! ಬರೀ ಮೀನಿನ ಎಣ್ಣೆ ಅಂದುಕೊಂಡಿದ್ದೆ. ಚರ್ಮ ವಾಪಸ್ ಕೆಂಪಾಗುತ್ತದಾ?

ಉಣಕಲ್_ದಂಡೆ: ಇಲ್ಲ. ಮುಂದಿನ ಸಲ ತಾಜಾ ಇರುವಾಗಲೇ ಫೋಟೋ ತೆಗೆಸಿ, ಚರ್ಮದ ಚೂರನ್ನು ಅದೇ ದಿನ ಗ್ಲಿಸರಿನ್‌ನಲ್ಲಿಟ್ಟು ನೋಡಿ. ಈ ಚರ್ಮವನ್ನು ಎಸೆಯಬೇಡಿ. ಹುರುಪೆಯ ಮೇಲೂ ಕೆಳಗೂ ಕಪ್ಪು ಕೋಶ ಎಷ್ಟು ದಟ್ಟವಾಗಿವೆ ಅಂತ ಎರಡರಲ್ಲೂ ಹೋಲಿಸಬಹುದು. ಬೆಳ್ಳಿ ಹೊಳಪು ಚರ್ಮದಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಹರಳಿನದು, ಉಳಿದಿರುತ್ತದೆ. ಎರಡು ಪೋಲರೈಸರ್ (ಒಂದೇ ದಿಕ್ಕಿನ ಬೆಳಕಿನ ಅಲೆ ಬಿಡುವ ಹಾಳೆ) ಒಂದಕ್ಕೊಂದು ಅಡ್ಡ ಹಿಡಿದರೆ ಕತ್ತಲಲ್ಲಿ ಮಿನುಗುತ್ತದೆ.

ಗದಗ_ಬೆಳಕು: ಅದಕ್ಕೂ ಎಲ್‌ಇಡಿಯಾದರೆ ಒಳ್ಳೆಯದು. ನನ್ನದು 10 ವ್ಯಾಟ್.

ಸಾಧನಕೇರಿ_ಲೆನ್ಸ್: ಕೆಟ್ಟ ಮೊಬೈಲ್ ಪರದೆಯ ಹಾಳೆ ಪೋಲರೈಸರ್‌ಗೆ ಸಾಕಾ? ಹುಬ್ಬಳ್ಳಿಗೆ ಹೋಗಿ ತರಬೇಕಾ?